ಮಾನ್ಯಖೇಟ: ಅತಿಥಿಗಳು ಕಂಡ ರಾಜಧಾನಿ

ಕಲಬುರಗಿಯಿಂದ ಸೇಡಂ ಕಡೆಗೆ ಸಾಗುವ ದಾರಿಯಲ್ಲಿ, ಸುಮಾರು 40 ಕಿ.ಮೀ. ದೂರದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಹೊರಊರುಗಳಿಂದ ಇತಿಹಾಸಾಸಕ್ತ ಗೆಳೆಯರು ಬಂದರೆ ಈ ಭಾಗದವರು ಅವರನ್ನು ಒಂದು ಶನಿವಾರ ಇಲ್ಲಿಗೆ ಕರೆತರುವುದುಂಟು. ಬಂದವರಿಗೆ ಕಾಣುವುದು ನದಿಗೆ ಮುಖಮಾಡಿದ ಕೋಟೆ, ನೇಮಿನಾಥ ಬಸದಿ, ಅಲ್ಲಿರುವ ಲೋಹದ ಪುಟ್ಟ ಜಿನಾಲಯ, ಉತ್ತರಾದಿ ಮಠ, ಶಹಾಬಾದಿನ ಫರಸಿ ಕಲ್ಲು ಹಾಸಿದ ಮನೆಗಳು, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು. ಕೋಟೆಯ ಈಗಿನ ರೂಪದಲ್ಲಿ ಬಹುಪಾಲು ರಾಷ್ಟ್ರಕೂಟರ ನಂತರದ ಶತಮಾನಗಳ ಕೈಕೆಲಸವೇ ಎದ್ದು ಕಾಣುತ್ತದೆ. ಅರ್ಧ ದಿನದಲ್ಲಿ ನೋಡಿ ಮುಗಿಯುತ್ತದೆ. ಆಮೇಲೆ ಗೆಳೆಯರು ಸಹಜವಾಗಿ ಕೇಳುವ ಪ್ರಶ್ನೆ ಒಂದೇ: ದಖ್ಖನವನ್ನು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಆಳಿದ ರಾಜಧಾನಿ ಎಲ್ಲಿ?

ಈ ಪ್ರಶ್ನೆಗೆ ನೆಲದ ಮೇಲೆ ದೊರೆಯುವ ಉತ್ತರ ಅಲ್ಪ. ಬರಹದಲ್ಲಿ ದೊರೆಯುವ ಉತ್ತರ ಹೆಚ್ಚಿನದು. ಆದರೆ ಅದರ ಸ್ವರೂಪವೇ ವಿಚಿತ್ರವಾದುದು. ಮಾನ್ಯಖೇಟವನ್ನು ಕುರಿತು ನೆನಪಿನಲ್ಲಿ ನಿಲ್ಲುವ ಮಾತುಗಳನ್ನು ಬರೆದವರಲ್ಲಿ ಹೆಚ್ಚಿನವರು ಆ ಊರಿನವರಲ್ಲ. ದೂರದಿಂದ ಕೇಳಿ ಬರೆದವರು, ಹೊರಗಿನಿಂದ ಬಂದು ನೆಲಸಿದವರು, ಅದನ್ನು ಸೂರೆಗೊಂಡ ಅರಸನ ಊರಿನವರು ಎಂಬ ಮೂರು ಬಗೆಯ ಹೊರಗಿನವರ ಸಾಕ್ಷ್ಯದಿಂದಲೇ ಈ ನಗರವನ್ನು ಕಟ್ಟಿಕೊಳ್ಳಬೇಕಾಗಿದೆ.

ಊರಿನವರ ಮೌನ

ಮೊದಲು ಊರಿನವರ ಮಾತನ್ನು ನೋಡಬಹುದು. ಮೂರನೆಯ ಕೃಷ್ಣನ ದೇವಲಿ (ಕ್ರಿ.ಶ. 940) ಮತ್ತು ಕರ್ಹಾಡ (ಕ್ರಿ.ಶ. 959) ತಾಮ್ರಶಾಸನಗಳು ಮಾನ್ಯಖೇಟದ ನಿರ್ಮಾಣದ ಕೀರ್ತಿಯನ್ನು ನೃಪತುಂಗನಿಗೆ ಸಲ್ಲಿಸುತ್ತವೆ, ಅದು ದೇವತೆಗಳ ಪುರವನ್ನೂ ನಾಚಿಸುವಂಥದೆಂದು ಹೊಗಳುತ್ತವೆ. ಇದು ಪ್ರಶಸ್ತಿಕಾವ್ಯದ ರೂಢಿಯ ಮಾತು. ಯಾವ ರಾಜಧಾನಿಗೂ ಒಪ್ಪುವ ಈ ವರ್ಣನೆಯಿಂದ ಒಂದು ಬೀದಿಯೂ ನಮ್ಮ ಕಣ್ಣಿಗೆ ಕಟ್ಟುವುದಿಲ್ಲ.

ಕನ್ನಡದ ಸಾಕ್ಷ್ಯ ಇನ್ನೂ ಕುತೂಹಲಕಾರಿಯಾದುದು. ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಗುರುತಿಸುತ್ತದೆ. ಅದರೊಳಗೆ ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಈ ನಾಲ್ಕರಲ್ಲಿ ಮಾನ್ಯಖೇಟವಿಲ್ಲ. ಅರಸನ ಹೆಸರಿನೊಡನೆ ಬೆಸೆದುಕೊಂಡ ಗ್ರಂಥ ಅರಸನ ಊರನ್ನು ಭಾಷೆಯ ನಡುನಾಡಿನಲ್ಲಿ ಸೇರಿಸಲಿಲ್ಲ. ಈ ನಾಲ್ಕು ಊರುಗಳೂ ಮಾನ್ಯಖೇಟದಿಂದ ನೈಋತ್ಯಕ್ಕೆ, ಕೃಷ್ಣಾ–ಮಲಪ್ರಭಾ–ತುಂಗಭದ್ರೆಯರ ಸೀಮೆಯಲ್ಲಿವೆ. ಇದನ್ನು ರಾಜಧಾನಿಯ ಅವಹೇಳನವೆಂದು ತಿಳಿಯಬೇಕಾಗಿಲ್ಲ. ಅಧಿಕಾರದ ಕೇಂದ್ರ ಒಂದೆಡೆ, ನುಡಿಯ ಕೇಂದ್ರ ಇನ್ನೊಂದೆಡೆ ಇದ್ದವೆಂಬ ಅರಿವು ಆಗಲೇ ಇತ್ತೆಂಬುದು ಇದರಿಂದ ತಿಳಿಯುತ್ತದೆ. ಸಂಸ್ಕೃತ, ಪ್ರಾಕೃತ, ಅಪಭ್ರಂಶ, ಕನ್ನಡಗಳೆಲ್ಲ ಒಟ್ಟಿಗೆ ಬಾಳಿದ ಅಂಥ ನಗರಕ್ಕೆ ಪರಸ್ಥಳದವರು ಬಂದು ಸೇರುವುದು ಸಹಜವೇ ಆಗಿತ್ತು.

ಬಾರದೆಯೇ ಕಂಡವರು

ಪಶ್ಚಿಮ ಕರಾವಳಿಗೆ ವ್ಯಾಪಾರಕ್ಕೆ ಬರುತ್ತಿದ್ದ ಅರಬರು ರಾಷ್ಟ್ರಕೂಟ ಅರಸನನ್ನು ‘ಬಲ್ಹರಾ’ ಎಂದು ಕರೆದರು. ‘ವಲ್ಲಭರಾಜ’ ಎಂಬ ಬಿರುದು ಅವರ ನಾಲಗೆಯಲ್ಲಿ ಹೀಗಾಯಿತು. ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನೊಡನೆ ಸೇರಿಬಂದಿರುವ 851ರ ಅರಬ್ಬೀ ವೃತ್ತಾಂತ ಜಗತ್ತಿನ ನಾಲ್ವರು ಮಹಾರಾಜರನ್ನು ಎಣಿಸುತ್ತದೆ: ಅರಬರ ಖಲೀಫ, ಚೀನದ ಚಕ್ರವರ್ತಿ, ರೂಮಿನ ಅರಸ, ಬಲ್ಹರಾ. ರೂಮಿನ ಅರಸನೆಂದರೆ ಯುರೋಪಿನ ಅಂಚಿನಲ್ಲಿದ್ದ ಕಾನ್‌ಸ್ಟಾಂಟಿನೋಪಲ್ ನಗರದಿಂದ ಆಳುತ್ತಿದ್ದ ಬೈಜಾಂಟಿಯಮ್ ಚಕ್ರವರ್ತಿ. ಬಗ್ದಾದ್, ಚಾಂಗಾನ್, ಕಾನ್‌ಸ್ಟಾಂಟಿನೋಪಲ್‌ಗಳ ಸಾಲಿನಲ್ಲಿ ಕಾಗಿಣೆಯ ದಂಡೆಯ ಊರೂ ನಿಂತಿತು. ಬಲ್ಹರಾ ವಂಶದ ಅರಸರು ದೀರ್ಘಾಯುಗಳು, ಅನೇಕರು ಐವತ್ತು ವರ್ಷ ಆಳುತ್ತಾರೆ ಎಂಬ ಮಾತೂ ಆ ವೃತ್ತಾಂತದಲ್ಲಿದೆ. 814ರಲ್ಲಿ ಪಟ್ಟವೇರಿದ್ದ ಅಮೋಘವರ್ಷ ಆ ಹೊತ್ತಿಗೆ ಮೂವತ್ತೇಳು ವರ್ಷ ಆಳಿದ್ದನೆಂಬುದನ್ನು ನೆನೆದರೆ ಕರಾವಳಿಯ ಈ ಗಾಳಿಮಾತಿಗೆ ತಳಹದಿಯಿತ್ತೆಂದು ಒಪ್ಪಬೇಕಾಗುತ್ತದೆ.

ಹತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಪಶ್ಚಿಮ ತೀರಕ್ಕೆ ಬಂದಿದ್ದ ಅಲ್-ಮಸೂದಿ ರಾಜಧಾನಿಯ ಹೆಸರನ್ನು ‘ಮಾನ್‌ಕೀರ್’ ಎಂದು ಬರೆದಿದ್ದಾನೆ. ಅದು ಸಮುದ್ರದಿಂದ ಎಂಬತ್ತು ಸಿಂಧೀ ಫರಸಂಗ ದೂರ, ಒಂದು ಫರಸಂಗಕ್ಕೆ ಎಂಟು ಮೈಲಿ ಎಂದು ಲೆಕ್ಕ ಕೊಟ್ಟಿದ್ದಾನೆ. ಅಂದರೆ 640 ಮೈಲಿ. ಮಳಖೇಡಕ್ಕೂ ಕೊಂಕಣ ತೀರಕ್ಕೂ ನಡುವಿನ ನೇರ ಅಂತರ ಇದಕ್ಕಿಂತ ಬಹಳ ಕಡಿಮೆ. ಘಟ್ಟ ಹತ್ತಿ, ಹೊಳೆಗಳನ್ನು ದಾಟಿ ಎತ್ತಿನ ಹೇರಿನೊಡನೆ ನಡೆದ ವರ್ತಕರ ದಣಿವು ಈ ಅಂಕಿಯೊಳಗೆ ಸೇರಿಕೊಂಡಿರಬೇಕು.

ಅತಿಶಯೋಕ್ತಿಯ ತುದಿಯನ್ನು ಬಗ್ದಾದಿನ ಇಬ್ನ್ ಅಲ್-ನದೀಮನ ‘ಫಿಹ್ರಿಸ್ತ್’ ಗ್ರಂಥದಲ್ಲಿ ಕಾಣಬಹುದು. ಮಾನ್‌ಕೀರ್ ನಗರದ ಉದ್ದ ನಲವತ್ತು ಫರಸಂಗ, ಅದು ತೇಗ, ಬಿದಿರು ಮೊದಲಾದ ಮರಗಳಿಂದ ಕಟ್ಟಿದ್ದು, ಸರಕು ಹೊರಲು ಅಲ್ಲಿಯ ಜನರ ಬಳಿ ಲೆಕ್ಕವಿಲ್ಲದಷ್ಟು ಆನೆಗಳು, ಅಲ್ಲಿಯ ದೇಗುಲದಲ್ಲಿ ಇಪ್ಪತ್ತು ಸಾವಿರ ವಿಗ್ರಹಗಳು ಎಂದು ಅದು ಹೇಳುತ್ತದೆ. ಆನೆ, ವಿಗ್ರಹಗಳ ಲೆಕ್ಕವನ್ನು ಬದಿಗಿಡಬಹುದು. ಮರದ ಮಾತನ್ನು ಹಾಗೆ ತಳ್ಳಿಹಾಕಲಾಗದು. ಸುಣ್ಣಕಲ್ಲಿನ ಮೇಲೆಯೇ ನಿಂತಿರುವ ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಆದರೂ ಅರಮನೆ, ಅಂಗಡಿ, ಮನೆಗಳಲ್ಲಿ ಮರದ ಪಾಲು ಹೆಚ್ಚಾಗಿದ್ದಿದ್ದರೆ ಅವು ಉಳಿಯದೆ ಹೋದದ್ದಕ್ಕೆ ಕಾರಣ ಸಿಗುತ್ತದೆ. ಇಂದು ಈ ಬಯಲುಸೀಮೆಯ ನೆರೆಯಲ್ಲಿ ಕಾಡೆಂದು ಹೇಳಬಹುದಾದದ್ದು ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಭಾಗದಲ್ಲಿ ಮಾತ್ರ.

‘ಫಿಹ್ರಿಸ್ತ್’ ರಚನೆಯಾದದ್ದು 987–88ರಲ್ಲಿ. ಆ ಹೊತ್ತಿಗೆ ಮಾನ್ಯಖೇಟ ಸೂರೆಯಾಗಿ ಹದಿನೈದು ವರ್ಷ ಕಳೆದಿತ್ತು. ಬಗ್ದಾದಿನ ಪುಸ್ತಕದಲ್ಲಿ ಬಂಗಾರದ ವಿಗ್ರಹಗಳಿಂದ ತುಂಬಿದ್ದ ನಗರ ನೆಲದ ಮೇಲೆ ಆಗಲೇ ಸುಟ್ಟ ಗಾಯವನ್ನು ಹೊತ್ತಿತ್ತು.

ಒಲ್ಲೆನೆನ್ನುತ್ತಲೇ ಬಂದ ಅತಿಥಿ

ಈ ನಗರದೊಳಗೆ ಬಂದು ವರ್ಷಗಟ್ಟಲೆ ಉಳಿದು ಬರೆದವನು ಅಪಭ್ರಂಶದ ಮಹಾಕವಿ ಪುಷ್ಪದಂತ. ಕಾಶ್ಯಪಗೋತ್ರದ ಬ್ರಾಹ್ಮಣ ಕುಟುಂಬದಲ್ಲಿ ಕೇಶವಭಟ್ಟ ಮತ್ತು ಮುಗ್ಧಾದೇವಿಯರ ಮಗನಾಗಿ ಹುಟ್ಟಿ, ಶೈವ ಮನೆತನದಿಂದ ಜಿನಧರ್ಮಕ್ಕೆ ಬಂದವನು. ತನ್ನನ್ನು ‘ಅಭಿಮಾನಮೇರು’ ಎಂದು ಕರೆದುಕೊಂಡವನು. ತನಗೆ ಮನೆಯಿಲ್ಲ, ಹೆಂಡತಿ ಮಕ್ಕಳಿಲ್ಲ, ಮೈ ಕಪ್ಪು ಮತ್ತು ಕೃಶ ಎಂದು ಸಂಕೋಚವಿಲ್ಲದೆ ಹೇಳಿಕೊಂಡವನು.

ಅವನ ‘ಮಹಾಪುರಾಣ’ದ ಪೀಠಿಕೆ ಸಿದ್ಧಾರ್ಥ ಸಂವತ್ಸರದ, ಎಂದರೆ ಕ್ರಿ.ಶ. 959ರ ಪ್ರಸಂಗದಿಂದ ಆರಂಭವಾಗುತ್ತದೆ. ಚೋಳನನ್ನು ಸೋಲಿಸಿದ ಮೂರನೆಯ ಕೃಷ್ಣ ಆಗ ಮೇಪಾಡಿಯಲ್ಲಿದ್ದ. ಇದು ತಮಿಳುನಾಡಿನ ಮೇಲ್ಪಾಡಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಅದೇ ವರ್ಷದ ಕರ್ಹಾಡ ಶಾಸನವೂ ಮೇಲ್ಪಾಟಿಯ ಬೀಡಿನಿಂದಲೇ ಹೊರಟದ್ದು. ಅದೇ ವರ್ಷ ಗಂಗಧಾರೆಯಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿಯೂ ಕೃಷ್ಣನು ಮೇಲ್ಪಾಟಿಯಲ್ಲಿದ್ದನೆಂದೇ ಹೇಳುತ್ತಾನೆ. ಒಂದು ತಾಮ್ರಪಟ, ಒಂದು ಸಂಸ್ಕೃತ ಚಂಪೂ, ಒಂದು ಅಪಭ್ರಂಶ ಪುರಾಣ ಹೀಗೆ ಒಂದೇ ವರ್ಷ, ಒಂದೇ ಬೀಡಿಗೆ ಸಾಕ್ಷಿ ನುಡಿಯುವುದು ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಅಪರೂಪ.

ದಾರಿ ನಡೆದು ಬಳಲಿದ ಕವಿ ಪಟ್ಟಣದ ಹೊರಗಿನ ಉದ್ಯಾನವೊಂದರಲ್ಲಿ ಕುಳಿತಿದ್ದಾನೆ. ಇಬ್ಬರು ಬಂದು, ಇಷ್ಟು ದೊಡ್ಡ ನಗರ ಎದುರಿಗಿರುವಾಗ ಈ ನಿರ್ಜನ ತೋಟದಲ್ಲೇಕೆ ಕುಳಿತಿರುವಿರಿ, ಒಳಗೆ ಬನ್ನಿ ಎಂದು ಕರೆಯುತ್ತಾರೆ. ಕವಿ ಒಪ್ಪುವುದಿಲ್ಲ. ದುರ್ಜನರ ಹುಬ್ಬುಗಂಟನ್ನು ನೋಡುವುದಕ್ಕಿಂತ ಗಿರಿಗುಹೆಯಲ್ಲಿ ಹುಲ್ಲು ತಿಂದು ಬದುಕುವುದು ಮೇಲೆಂಬುದು ಅವನ ನಿಲುವು. ಒಡೆತನ ಬಂದವರ ಸೌಜನ್ಯ ಉಳಿಯುವುದಿಲ್ಲವೆಂದು ಅವನು ಕಟುವಾಗಿ ಹೇಳುತ್ತಾನೆ. ಹಿಂದೊಮ್ಮೆ ಭೈರವನೆಂಬ ಅರಸನನ್ನು ಹೊಗಳಿ ಕಾವ್ಯ ಬರೆದು, ಮನನೊಂದು ಹೊರಟುಬಂದವನ ಮಾತು ಇದು.

ಆ ಇಬ್ಬರು ಅರಸನ ಹೆಸರನ್ನು ಮುಂದಿಟ್ಟು ಒತ್ತಾಯಿಸುವುದಿಲ್ಲ. ಕೃಷ್ಣನ ಮಂತ್ರಿ ಭರತನ ಗುಣವನ್ನು ಹೇಳುತ್ತಾರೆ. ಕವಿ ಹೋಗುತ್ತಾನೆ. ಭರತ ಅವನನ್ನು ಎದುರುಗೊಂಡು ಮನೆಯಲ್ಲಿರಿಸಿಕೊಂಡು ಉಪಚರಿಸುತ್ತಾನೆ. ಕೆಲವು ದಿನಗಳಾದ ಮೇಲೆ, ಹಿಂದೆ ಅರಸನೊಬ್ಬನನ್ನು ಸ್ತುತಿಸಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಮಹಾಪುರುಷರ ಚರಿತೆಯನ್ನು ಬರೆಯಿರೆಂದು ಕೇಳಿಕೊಳ್ಳುತ್ತಾನೆ. ಹೀಗೆ ಆರಂಭವಾಗಿ, ಮಾನ್ಯಖೇಟದ ಭರತನ ಆಶ್ರಯದಲ್ಲಿ ಬೆಳೆದ 102 ಸಂಧಿಗಳ ಕೃತಿ ಕ್ರೋಧನ ಸಂವತ್ಸರದಲ್ಲಿ, ಕ್ರಿ.ಶ. 965ರಲ್ಲಿ, ಮುಗಿಯಿತು.

ಬರವಣಿಗೆ ಸರಾಗವಾಗಿ ಸಾಗಲಿಲ್ಲ. ‘ಆದಿಪುರಾಣ’ದ ಭಾಗ ಮುಗಿದಾಗ ಕವಿಯ ಮನಸ್ಸು ಕುಗ್ಗಿತು. ಸರಸ್ವತಿ ಕನಸಿನಲ್ಲಿ ಬಂದಳು. ಎಚ್ಚೆತ್ತರೆ ಯಾರೂ ಇಲ್ಲ. ಆಮೇಲೆ ಬಂದವನು ಭರತ. ತನ್ನಿಂದೇನಾದರೂ ತಪ್ಪಾಯಿತೇ ಎಂದು ಆ ಮಂತ್ರಿ ಕವಿಯನ್ನು ಕೇಳುತ್ತಾನೆ. ಕವಿಯ ಉತ್ತರದಲ್ಲಿ ಈ ಸಂಬಂಧದ ತಿರುಳಿದೆ: ಹಣ ತನಗೆ ಹುಲ್ಲುಕಡ್ಡಿಗೆ ಸಮ, ತಾನು ಬಯಸುವುದು ನಿಷ್ಕಾರಣವಾದ ಸ್ನೇಹ, ಅದಕ್ಕಾಗಿಯೇ ಈ ಮನೆಯಲ್ಲಿದ್ದೇನೆ. ಆಶ್ರಯದಾತ–ಆಶ್ರಿತ ಎಂಬ ಪದಗಳಿಂದ ಮಧ್ಯಕಾಲೀನ ಸಾಹಿತ್ಯವನ್ನು ಅಳೆಯುವ ಅಭ್ಯಾಸವಿರುವವರು ಈ ಮಾತನ್ನು ನಿಂತು ಓದಬೇಕು. ಪುಷ್ಪದಂತನ ಪಾಲಿಗೆ ಮಾನ್ಯಖೇಟವೆಂದರೆ ಅರಮನೆಯಲ್ಲ, ಭರತನ ಮನೆ. ಅರಸನ ಓಲಗವನ್ನು ಒಲ್ಲೆನೆಂದವನು ಮಂತ್ರಿಯ ಸ್ನೇಹಕ್ಕೆ ಒಲಿದು ಆ ನಗರದವನಾದನು.

ಇದೇ ದಶಕಗಳಲ್ಲಿ ಅರಬರ ಪಟ್ಟಿಯ ಇನ್ನೊಂದು ರಾಜಧಾನಿಗೂ ಅತಿಥಿಯೊಬ್ಬ ಹೋಗಿದ್ದನು. ಇಟಲಿಯ ಲಿಯುಟ್‌ಪ್ರಾಂಡ್ 949ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಬೆರಗಿನಿಂದ ಹೋಗಿಬಂದು ಮೆಚ್ಚಿ ಬರೆದನು. 968ರಲ್ಲಿ ರಾಯಭಾರಿಯಾಗಿ ಹೋದಾಗ ಅವಮಾನಿತನಾಗಿ ಅದೇ ನಗರವನ್ನು, ಅದರ ಊಟವನ್ನೂ ಬಿಡದೆ, ಹೀಗಳೆದನು. ಆತಿಥ್ಯ ಬದಲಾದಾಗ ನಗರದ ಚಿತ್ರವೂ ಬದಲಾಯಿತು. ಪುಷ್ಪದಂತನ ದಾರಿ ಇದಕ್ಕೆ ವಿಪರೀತ. ಅವನು ಕಹಿಯಿಂದ ಬಂದನು. ಭರತನ ಮಗ ನನ್ನನ ಮನೆಯಲ್ಲಿದ್ದು ಬರೆದ ‘ಣಾಯಕುಮಾರಚರಿಉ’ ಕಾವ್ಯದ ಹೊತ್ತಿಗೆ ಮಾನ್ಯಖೇಟದ ಸೌಧಗಳ ಶಿಖರ ಮೋಡಗಳನ್ನು ತಾಗುವಂತೆ ಅವನಿಗೆ ಕಂಡಿತು. ಕೃಷ್ಣರಾಜನ ಕೈಯ ಕತ್ತಿಯೇ ಹೊಳೆಯಾಗಿ ಆ ನಗರವನ್ನು ಹಗೆಗಳಿಗೆ ದುರ್ಗಮವಾಗಿಸಿತ್ತೆಂದು ಅವನು ರೂಪಕ ಕಟ್ಟಿದನು.

ಸೂರೆಯ ಎರಡು ಸಾಕ್ಷ್ಯಗಳು

967ರಲ್ಲಿ ಕೃಷ್ಣ ತೀರಿಕೊಂಡನು. ಕತ್ತಿಯ ಆ ಹೊಳೆ ಬತ್ತಿತು. ತಮ್ಮ ಖೊಟ್ಟಿಗನ ಆಳ್ವಿಕೆಯಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕ ದಂಡೆತ್ತಿ ಬಂದು ಮಾನ್ಯಖೇಟವನ್ನು ಕೊಳ್ಳೆಹೊಡೆದನು. ಗಂಗ ಮಾರಸಿಂಹ ಚಕ್ರವರ್ತಿಯ ಬೀಡನ್ನು ತೋಳ್ಬಲದಿಂದ ಕಾಯ್ದನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಪರಮಾರರ ಉದಯಪುರ ಪ್ರಶಸ್ತಿ ಸೀಯಕನು ಖೊಟ್ಟಿಗನ ಸಂಪತ್ತನ್ನು ಕಸಿದುಕೊಂಡನೆಂದು ಕೊಂಡಾಡುತ್ತದೆ. ಎರಡೂ ಅರಸರ ಪರವಾದ ಮಾತುಗಳು. ಊರಿಗೆ ಏನಾಯಿತೆಂಬುದನ್ನು ತಿಳಿಯಲು ಇಬ್ಬರು ಕವಿಗಳ ಕಡೆಗೆ ತಿರುಗಬೇಕು.

ಮೊದಲನೆಯವನು ಧಾರಾನಗರದ ಧನಪಾಲ. ಮುಂದೆ ‘ತಿಲಕಮಂಜರೀ’ ಬರೆದು ಜೈನ ಸಾಹಿತ್ಯದಲ್ಲಿ ಹೆಸರಾದ ಇವನು ತನ್ನ ತಂಗಿ ಸುಂದರಿಗಾಗಿ ‘ಪಾಇಯಲಚ್ಛೀನಾಮಮಾಲಾ’ ಎಂಬ ಪ್ರಾಕೃತ ನಿಘಂಟನ್ನು ರಚಿಸಿದನು. ಅದರ ಕೊನೆಯಲ್ಲಿ ಕಾಲವನ್ನು ಹೇಳುತ್ತಾ, ವಿಕ್ರಮ ಸಂವತ್ 1029ರಲ್ಲಿ, ಮಾಳವದ ಅರಸನ ದಾಳಿಯಿಂದ ಮಣ್ಣಖೇಡ ಸೂರೆಯಾದಾಗ, ಈ ಕೃತಿಯನ್ನು ಬರೆದೆನೆಂದಿದ್ದಾನೆ. ಇದರಲ್ಲಿ ಹರ್ಷವೂ ಇಲ್ಲ, ಮರುಕವೂ ಇಲ್ಲ. ತಂಗಿಗೆ ಪದಗಳ ಅರ್ಥ ಕಲಿಸಲು ಕುಳಿತ ಅಣ್ಣನಿಗೆ ಒಂದು ಮಹಾನಗರದ ನಾಶ ವರ್ಷವನ್ನು ಗುರುತಿಸುವ ಸಾಧನವಾಯಿತು. ಇತಿಹಾಸಕಾರರು ಸೂರೆಯ ಕಾಲವನ್ನು ಖಚಿತವಾಗಿ ನಿರ್ಣಯಿಸುವುದು ಈ ನಿಘಂಟಿನ ನೆರವಿನಿಂದಲೇ.

ಎರಡನೆಯವನು ಪುಷ್ಪದಂತ. ‘ಮಹಾಪುರಾಣ’ದ ಕೆಲವು ಹಸ್ತಪ್ರತಿಗಳಲ್ಲಿ, ಸಂಧಿಯೊಂದರ ತಲೆಯಲ್ಲಿ, ಒಂದು ಸಂಸ್ಕೃತ ಶ್ಲೋಕ ದೊರೆಯುತ್ತದೆ. 965ರಲ್ಲೇ ಮುಗಿದ ಕೃತಿಯಲ್ಲಿ 972ರ ಘಟನೆ ಬಂದಿರುವುದರಿಂದ ಅದು ಆಮೇಲೆ ಸೇರಿಸಿದ್ದೆಂಬುದು ಸ್ಪಷ್ಟ. ದೀನರಿಗೂ ಅನಾಥರಿಗೂ ಧನವಾಗಿದ್ದ, ಸದಾ ಜನಭರಿತವಾಗಿದ್ದ, ಬಳ್ಳಿತೋಟಗಳು ಅರಳಿದ್ದ, ವಿದಗ್ಧರಿಗೆ ಪ್ರಿಯವಾಗಿದ್ದ ಮಾನ್ಯಖೇಟಪುರ ಧಾರೆಯ ಅರಸನ ಕೋಪಾಗ್ನಿಯಲ್ಲಿ ಬೆಂದುಹೋಯಿತು. ಪುಷ್ಪದಂತ ಕವಿ ಇನ್ನೆಲ್ಲಿ ವಾಸಮಾಡಲಿ ಎಂಬುದು ಅದರ ಭಾವ.

ಶ್ಲೋಕದ ಎಣಿಕೆಯ ಕ್ರಮ ಗಮನಾರ್ಹ. ಇಂದ್ರನ ಪುರಿಯೊಡನೆ ಹೋಲಿಸುವ ಶಾಸನಕವಿಗಳ ರೂಢಿ ಇಲ್ಲಿಯೂ ಇದೆ. ಆದರೆ ಮೊದಲ ಸ್ಥಾನ ಅದಕ್ಕಿಲ್ಲ. ದೀನಾನಾಥರು ಮೊದಲು, ಜನಸಂದಣಿ ಆಮೇಲೆ, ತೋಟಗಳು ಅನಂತರ. ಊರ ಹೊರಗಿನ ತೋಟದಲ್ಲಿ ಒಬ್ಬನೇ ಕುಳಿತಿದ್ದವನು, ಕೈಯಲ್ಲಿ ಕಾಸಿಲ್ಲದೆ ಬಂದವನು, ಆತಿಥ್ಯ ಪಡೆದವನು ನಗರವನ್ನು ನೆನೆಯುವ ಕ್ರಮವಿದು. ಕೊನೆಯ ಪ್ರಶ್ನೆಯೂ ರಾಜ್ಯದ ಅಳಿವನ್ನು ಕುರಿತದ್ದಲ್ಲ, ವಸತಿಯನ್ನು ಕುರಿತದ್ದು. ಹದಿಮೂರು ವರ್ಷಗಳ ಹಿಂದೆ ‘ಒಳಗೆ ಬಾರೆ’ ಎಂದಿದ್ದವನು ಈಗ ‘ಎಲ್ಲಿಗೆ ಹೋಗಲಿ’ ಎನ್ನುತ್ತಿದ್ದಾನೆ.

ಈ ಶ್ಲೋಕವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಪ್ರಶ್ನೆಗೆ ಉತ್ತರ ಅವನ ‘ಜಸಹರಚರಿಉ’ ಕಾವ್ಯದ ಕೊನೆಯಲ್ಲಿದೆ. ಅಲ್ಲಿ ಕವಿ ಭೀಕರ ಕ್ಷಾಮವೊಂದನ್ನು ಚಿತ್ರಿಸಿ, ಅಂಥ ಹೊತ್ತಿನಲ್ಲಿಯೂ ನನ್ನನು ತನಗೆ ಅನ್ನ, ಬಟ್ಟೆ, ನೆಲೆಗಳನ್ನು ಕೊಟ್ಟು ಸಲಹಿದನೆಂದು ನೆನೆಯುತ್ತಾನೆ. ಈ ಕ್ಷಾಮವನ್ನು ಸೂರೆಯ ನಂತರದ ದುಃಸ್ಥಿತಿಯೊಡನೆ ವಿದ್ವಾಂಸರು ಸಂಬಂಧಿಸಿದ್ದಾರೆ. ಆ ಅಭಿಪ್ರಾಯವನ್ನು ಒಪ್ಪುವುದಾದರೆ, ಸೌಧಗಳು ಬಿದ್ದ ಮೇಲೂ ಮನೆಯೊಂದರ ಬಾಗಿಲು ತೆರೆದೇ ಇತ್ತು. ನಗರ ಎಂದರೇನು ಎಂಬ ಪ್ರಶ್ನೆಗೆ ಶಾಸನಗಳು ಪ್ರಾಸಾದಗಳನ್ನು ತೋರುತ್ತವೆ, ಅರಬರು ಆನೆಗಳನ್ನು ಎಣಿಸುತ್ತಾರೆ; ಪುಷ್ಪದಂತ ತಂದೆ–ಮಗ ಇಬ್ಬರ ಆತಿಥ್ಯವನ್ನು ಮುಂದಿಡುತ್ತಾನೆ. ಮೂರರಲ್ಲಿ ಬೆಂಕಿಗೆ ಸಿಗದೆ ಉಳಿದದ್ದು ಕೊನೆಯದೇ.

ಎರಡನೆಯ ದಿನ

973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದನು. ವಂಶದ ಕೊನೆಯ ಕುಡಿ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹಬಿಟ್ಟನು. ಚಾಲುಕ್ಯರು ಕಲ್ಯಾಣಕ್ಕೆ ತೆರಳುವವರೆಗೆ ಮಾನ್ಯಖೇಟ ರಾಜಧಾನಿಯಾಗಿಯೇ ಉಳಿಯಿತಾದರೂ ಹಳೆಯ ಕಾಂತಿ ಮರಳಲಿಲ್ಲ. ವಿದ್ಯೆ ಮಾತ್ರ ಈ ನೆಲವನ್ನು ಬಿಟ್ಟು ಹೋಗಲಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನ ಒಂದು ಘಟಿಕಾಸ್ಥಾನವನ್ನು ವಿವರಿಸುತ್ತದೆ. ವೇದ, ಶಾಸ್ತ್ರಗಳ ವಿದ್ಯಾರ್ಥಿಗಳು ಮತ್ತು ಗುರುಗಳ ಜೊತೆಗೆ ಪುಸ್ತಕ ಭಂಡಾರವನ್ನು ಕಾಯುವ ಸರಸ್ವತೀ ಭಂಡಾರಿಗರಿಗೂ ಅದು ಜೀವನಾಧಾರ ಕಲ್ಪಿಸುತ್ತದೆ. ಸೇಡಂನ ಶಾಸನಗಳು ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆಲೆಯೂರಿದ್ದ ಬಸದಿಗಳ ಪರಿಚಯ ಕೊಡುತ್ತವೆ. ಶನಿವಾರ ಮಳಖೇಡವನ್ನು ಕಂಡವರು ಭಾನುವಾರ ನಾಗಾವಿ, ಸೇಡಂಗಳಿಗೆ ಹೋದರೆ ರಾಜಧಾನಿಯ ನಂತರದ ಕಥೆಯೂ ಕಣ್ಣಿಗೆ ಬೀಳುತ್ತದೆ.

ಪುಷ್ಪದಂತನ ಕೃತಿಗಳಿಗೆ ನೆಲೆ ದೊರೆತದ್ದು ದೂರದಲ್ಲಿ. ವಿದರ್ಭದ ಕಾರಂಜೆಯ ಜೈನ ಭಂಡಾರಗಳಲ್ಲಿ ಅವನ ಹಸ್ತಪ್ರತಿಗಳನ್ನು ಗುರುತಿಸಿ ಬೆಳಕಿಗೆ ತಂದವರಲ್ಲಿ ಹೀರಾಲಾಲ ಜೈನರು ಪ್ರಮುಖರು. ಪಿ. ಎಲ್. ವೈದ್ಯರು 1931ರಲ್ಲಿ ‘ಜಸಹರಚರಿಉ’ವನ್ನು, 1937–41ರ ಅವಧಿಯಲ್ಲಿ ‘ಮಹಾಪುರಾಣ’ದ ಮೂರು ಸಂಪುಟಗಳನ್ನು ಸಂಪಾದಿಸಿದರು, ಹೀರಾಲಾಲರು 1933ರಲ್ಲಿ ‘ಣಾಯಕುಮಾರಚರಿಉ’ವನ್ನು ಹೊರತಂದರು. ಕಾರಂಜೆಯ ಬಲಾತ್ಕಾರಗಣದ ಭಟ್ಟಾರಕ ಪರಂಪರೆ ತನ್ನ ಮೂಲವನ್ನು ಮಳಖೇಡದ ಪೀಠದೊಡನೆ ಜೋಡಿಸಿಕೊಳ್ಳುತ್ತದೆಂಬುದೂ ನೆನಪಿಡತಕ್ಕ ಸಂಗತಿ.

ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಮೂರನೆಯ ಕೃಷ್ಣನ ಕಾಲವೆಂದರೆ ‘ಉಭಯಕವಿಚಕ್ರವರ್ತಿ’ ಪೊನ್ನನ ಹೆಸರು ಬರುತ್ತದೆ. ಪುಷ್ಪದಂತನ ಹೆಸರು ಹಿಂದಿಯ ಪೂರ್ವಚರಿತ್ರೆಗೆ ಸೇರಿಹೋಗಿದೆ. ಒಬ್ಬನೇ ಅರಸನ ಕಾಲದ ಇಬ್ಬರು ಜೈನಕವಿಗಳನ್ನು ಒಟ್ಟಿಗೆ ಓದುವ ಕೆಲಸ ಕನ್ನಡದಲ್ಲಿ ಇನ್ನಷ್ಟು ನಡೆಯಬೇಕಾಗಿದೆ. ಅಪಭ್ರಂಶದಲ್ಲಿ ಬರೆದನೆಂಬ ಕಾರಣಕ್ಕೆ ಅವನು ಪರಕೀಯನಲ್ಲ. ಮಾನ್ಯಖೇಟದ ಅಳಿವಿಗೆ ಹೆಸರು ಹಿಡಿದು ಅತ್ತ ಕವಿ ಅವನು. ಮಳಖೇಡದ ಕೋಟೆಯ ಮೇಲೆ ನಿಂತು ‘ರಾಜಧಾನಿ ಎಲ್ಲಿ’ ಎಂದು ಗೆಳೆಯರು ಕೇಳಿದಾಗ, ಕಾಗಿಣೆಯ ಕಡೆಗೆ ಕೈತೋರಿಸಿ ಹೇಳಬಹುದಾದದ್ದು ಅವನ ಕಥೆಯನ್ನೇ: ಒಲ್ಲೆನೆಂದು ತೋಟದಲ್ಲಿ ಕುಳಿತಿದ್ದ ಒಬ್ಬ ಕವಿಯನ್ನು ಯಾರೋ ಇಬ್ಬರು ಒಳಗೆ ಕರೆದರು, ಆ ನಗರದಲ್ಲಿ ಇಂದಿಗೂ ಉಳಿದಿರುವುದು ಹಾಗೆ ಬಂದವನು ಬರೆದಿಟ್ಟಷ್ಟು.